ಇಂಗ್ಲಿಷ್ ಕಾಗುಣಿತ ಮತ್ತು ಪದಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾ ಬಂದಿದ್ದೇನೆ. ತರಗತಿಯಲ್ಲಿ ಮಕ್ಕಳು, ಶಾಲೆಯ ಗೇಟಿನ ಬಳಿ ಅವರ ತಂದೆತಾಯಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ‘ಅದು ಹಾಗೆಯೇ, ಬಾಯಿಪಾಠ ಮಾಡಿಕೋ’ ಎಂಬ ಉತ್ತರವನ್ನು ನಾನು ಎಂದೂ ಒಪ್ಪಿದವನಲ್ಲ. ಇಂಗ್ಲಿಷಿನ ಬಹುಪಾಲು ವಿಚಿತ್ರ ಕಾಗುಣಿತಗಳಿಗೆ ಒಂದು ಚರಿತ್ರೆ ಇದೆ, ಅದನ್ನು ತಿಳಿಯುವ ಹಕ್ಕು ಕಲಿಯುವವನಿಗೆ ಇದೆ. ಅಕ್ಷರಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಕೈಯಲ್ಲಿ ಪೆನ್ನು, ಕಾಗದ ಇಟ್ಟುಕೊಂಡು ಓದಿದರೆ ಅನುಕೂಲ.

ಉಚ್ಚರಿಸದ ಅಕ್ಷರವನ್ನು ಬರೆಯುವುದೇಕೆ? ಯೋಧ ಎಂಬರ್ಥದ ‘ನೈಟ್’ ಪದಕ್ಕೆ ಕೆ, ಜಿ, ಎಚ್ ಏಕೆ ಬೇಕು?

ಒಂದು ಕಾಲದಲ್ಲಿ ಆ ಅಕ್ಷರಗಳನ್ನೆಲ್ಲ ಉಚ್ಚರಿಸುತ್ತಿದ್ದರು. ಸಾವಿರ ವರ್ಷಗಳ ಹಿಂದೆ ಆ ಪದದ ಉಚ್ಚಾರ ಸುಮಾರಾಗಿ ‘ಕ್ನಿಖ್ಟ್’. ಅರ್ಥ ಹುಡುಗ, ಸೇವಕ. ರಾಜನ ಸೇವಕ ಎಂಬಲ್ಲಿಂದ ಕುದುರೆ ಏರಿದ ಯೋಧ ಎಂಬ ಅರ್ಥಕ್ಕೆ ಅದು ಬೆಳೆಯಿತು. ಜರ್ಮನ್ ಭಾಷೆಯಲ್ಲಿ ಇದೇ ಪದ ಇಂದಿಗೂ ‘ಕ್ನೆಖ್ಟ್’ ಎಂದು ಉಳಿದಿದೆ, ಆಳು ಎಂಬ ಅರ್ಥದಲ್ಲಿ. ಜಿ ಮತ್ತು ಎಚ್ ಸೇರಿ ಗಂಟಲಿನಿಂದ ಉಜ್ಜಿ ಬರುವ ಒಂದು ದನಿಯನ್ನು ಸೂಚಿಸುತ್ತಿದ್ದವು. ದನಿ ಸತ್ತಿತು, ಅಕ್ಷರ ಉಳಿಯಿತು.

ಈ ಸತ್ತ ಜಿ-ಎಚ್ ನಮಗೆ ಅಪರಿಚಿತವೇನಲ್ಲ. ರಾತ್ರಿ ಎಂಬರ್ಥದ ‘ನೈಟ್’ ಪದದ ಪಕ್ಕದಲ್ಲಿ ಸಂಸ್ಕೃತದ ‘ನಕ್ತ’ವನ್ನು ಇಡಿ. ನಕ್ತಂಚರ ಎಂದರೆ ರಾತ್ರಿ ಅಲೆಯುವವನು ಎಂಬುದು ನಮಗೆ ಗೊತ್ತು. ನಕ್ತದಲ್ಲಿರುವ ಕಕಾರವೇ ಅಲ್ಲಿ ಜಿ-ಎಚ್ ಆಗಿ ಕುಳಿತಿದೆ. ‘ಡಾಟರ್’ ಪದವನ್ನು ‘ದುಹಿತೃ’ವಿನ ಪಕ್ಕದಲ್ಲಿಡಿ. ದುಹಿತೃವಿನ ಹಕಾರ ಇರುವ ಜಾಗದಲ್ಲೇ ಅಲ್ಲಿಯೂ ಜಿ-ಎಚ್ ಇದೆ. ಹಲಗೆಯ ಮೇಲೆ ಇವೆರಡನ್ನೂ ಅಕ್ಕಪಕ್ಕ ಬರೆದ ದಿನ ಯಾವ ಮಗುವೂ ಆ ಅಕ್ಷರಗಳನ್ನು ಮರೆಯುವುದಿಲ್ಲ.

ಕನ್ನಡವೂ ಇದೇ ತಿರುವಿನಲ್ಲಿ ನಿಂತಿತ್ತು, ಬೇರೆ ದಾರಿ ಹಿಡಿಯಿತು. ಹತ್ತನೆಯ ಶತಮಾನದ ಪಂಪನಿಗೆ ಹುಲಿ ‘ಪುಲಿ’, ಹಾಲು ‘ಪಾಲ್’, ಹೂವು ‘ಪೂ’. ಮಾತಿನಲ್ಲಿ ಪಕಾರ ಹಕಾರವಾದಾಗ ನಮ್ಮವರು ಬರಹವನ್ನೂ ಬದಲಿಸಿದರು. ‘ಏೞು’ ಎಂಬಲ್ಲಿನ ದನಿ ಹೋದಾಗ ೞ ಅಕ್ಷರವನ್ನೇ ಬಿಟ್ಟು ‘ಏಳು’ ಎಂದು ಬರೆದರು. ‘ಕಿಱಿದು’ ಹೀಗೆಯೇ ‘ಕಿರಿದು’ ಆಯಿತು. ಇಂಗ್ಲಿಷಿನವರ ದಾರಿಯಲ್ಲಿ ನಡೆದಿದ್ದರೆ ನಾವು ಇಂದಿಗೂ ‘ಪುಲಿ’ ಎಂದು ಬರೆದು ‘ಹುಲಿ’ ಎಂದು ಓದುತ್ತಿದ್ದೆವು.

ಇಂಗ್ಲಿಷಿನವರು ಮಾತಿನ ಜೊತೆ ಬರಹವನ್ನು ಏಕೆ ಬದಲಿಸಲಿಲ್ಲ?

ಮುದ್ರಣ ಅಡ್ಡ ಬಂತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ. ಅದಕ್ಕೆ ಮೊದಲು ಒಂದೊಂದು ಸೀಮೆಯ ಲಿಪಿಕಾರ ತನ್ನ ಬಾಯಿಗೆ ತಕ್ಕಂತೆ ಬರೆದುಕೊಳ್ಳುತ್ತಿದ್ದ. ಆ ಗೊಂದಲ ಎಷ್ಟಿತ್ತೆಂಬುದಕ್ಕೆ 1490ರಲ್ಲಿ ಕ್ಯಾಕ್ಸ್‌ಟನ್ ತನ್ನ ಮುನ್ನುಡಿಯೊಂದರಲ್ಲಿ ಒಂದು ಪ್ರಸಂಗ ಹೇಳಿದ್ದಾನೆ. ಥೇಮ್ಸ್ ನದಿಯಲ್ಲಿ ಗಾಳಿಗಾಗಿ ಕಾದು ನಿಂತಿದ್ದ ಹಡಗಿನಿಂದ ವ್ಯಾಪಾರಿಗಳು ದಡಕ್ಕೆ ಇಳಿದು ಊಟ ಹುಡುಕುತ್ತಾರೆ. ಅವರಲ್ಲೊಬ್ಬ ಒಬ್ಬ ಹೆಂಗಸಿನ ಬಳಿ ‘ಎಗ್ಗೆಸ್’ ಕೊಡಿ ಎನ್ನುತ್ತಾನೆ. ನನಗೆ ಫ್ರೆಂಚ್ ಬಾರದು ಎನ್ನುತ್ತಾಳೆ ಆಕೆ. ಅವನಿಗೆ ಸಿಟ್ಟು ಬರುತ್ತದೆ, ಏಕೆಂದರೆ ಅವನಿಗೂ ಫ್ರೆಂಚ್ ಬಾರದು. ಕೊನೆಗೆ ಇನ್ನೊಬ್ಬ ‘ಐರೆನ್’ ಎಂದಾಗ ಆಕೆಗೆ ಅರ್ಥವಾಗುತ್ತದೆ. ಒಂದೇ ದೇಶದಲ್ಲಿ ಮೊಟ್ಟೆಗೆ ಎರಡು ಹೆಸರು! ನಮ್ಮಲ್ಲಿ ಮೊಟ್ಟೆಯೂ ತತ್ತಿಯೂ ಇರುವಂತೆ.

ಅಚ್ಚುಮೊಳೆಗಳು ಈ ವೈವಿಧ್ಯವನ್ನು ಮೆಲ್ಲಗೆ ಒಂದೇ ರೂಪಕ್ಕೆ ತಂದವು. ಕೆಲವು ಪದಗಳಲ್ಲಿ ಮೊಳೆ ಜೋಡಿಸುವವರ ಕೈಗುರುತೂ ಉಳಿಯಿತು. ಕ್ಯಾಕ್ಸ್‌ಟನ್ ಇಂದಿನ ಬೆಲ್ಜಿಯಂನ ಬ್ರೂಜ್ ನಗರದಲ್ಲಿ ವರ್ಷಗಟ್ಟಲೆ ಇದ್ದು ಬಂದವನು. ‘ಗೋಸ್ಟ್’ ಪದದಲ್ಲಿ ಜಿ ನಂತರ ಇರುವ ಎಚ್ ಅಲ್ಲಿನ ಫ್ಲೆಮಿಶ್ ಬರವಣಿಗೆಯ ಪ್ರಭಾವ. ಇಂಗ್ಲಿಷಿನ ಮಟ್ಟಿಗೆ ಅದಕ್ಕೆ ಬೇರೆ ಯಾವ ಕಾರಣವೂ ಇಲ್ಲ.

ಬರಹ ಹೀಗೆ ಗಟ್ಟಿಯಾಗುತ್ತಿದ್ದ ಹೊತ್ತಿನಲ್ಲೇ ಮಾತಿನ ಸ್ವರಗಳು ಅಡಿಮೇಲಾದವು. ಸುಮಾರು 1400ರಿಂದ 1700ರವರೆಗೆ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದ ಈ ಬದಲಾವಣೆಯನ್ನು ಭಾಷಾವಿಜ್ಞಾನಿಗಳು ಮಹಾ ಸ್ವರಪಲ್ಲಟ ಎನ್ನುತ್ತಾರೆ. ಅದಕ್ಕೂ ಮೊದಲು ‘ಹೌಸ್’ ಇದ್ದದ್ದು ‘ಹೂಸ್’ ಎಂದು, ‘ಮೂನ್’ ಇದ್ದದ್ದು ‘ಮೋನ್’ ಎಂದು. ‘ನೇಮ್’ ಎಂಬ ಪದವನ್ನು ‘ನಾಮ’ ಎಂದೇ ಅನ್ನಬಹುದಾದಷ್ಟು ಹತ್ತಿರದ ರೀತಿಯಲ್ಲಿ ಉಚ್ಚರಿಸುತ್ತಿದ್ದರು. ಮೊದಲ ಸಲ ಶಾಲೆಗೆ ಬಂದ ಹುಡುಗಿ ಎನ್, ಎ, ಎಂ, ಇ ಅಕ್ಷರಗಳನ್ನು ಕೂಡಿಸಿ ‘ನಾಮೆ’ ಎಂದು ಓದಿದರೆ ನಗಬೇಡಿ. ಆಕೆ ಆರು ಶತಮಾನಗಳ ಹಿಂದಿನ ಉಚ್ಚಾರದ ಬಳಿಗೆ ತಾನಾಗಿ ಹೋಗಿದ್ದಾಳೆ.

ಎ ಎಂದು ಹೆಸರಿಟ್ಟು ಆ ಎಂದು ಓದುವುದೇಕೆ?

ಇದಕ್ಕೂ ಅದೇ ಪಲ್ಲಟ ಕಾರಣ. ಎ, ಇ, ಐ ಎಂಬ ಅಕ್ಷರಗಳ ಹೆಸರು ಮೊದಲು ಆ, ಏ, ಈ ಎಂದೇ ಇತ್ತು. ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳಲ್ಲಿ ಇಂದಿಗೂ ಹಾಗೆಯೇ ಇದೆ. ಇಂಗ್ಲಿಷಿನಲ್ಲಿ ಪದಗಳ ಜೊತೆಗೆ ಅಕ್ಷರಗಳ ಹೆಸರೂ ಜಾರಿತು.

‘ಡೆಟ್’ ಪದದಲ್ಲಿ ಬಿ, ‘ರಿಸೀಟ್’ ಪದದಲ್ಲಿ ಪಿ. ಇವನ್ನೂ ಒಂದು ಕಾಲದಲ್ಲಿ ಉಚ್ಚರಿಸುತ್ತಿದ್ದರೇ?

ಇಂಗ್ಲಿಷಿನಲ್ಲಿ ಎಂದೂ ಇಲ್ಲ. ಇವು ಪಂಡಿತರು ತಂದು ಸೇರಿಸಿದ ಅಕ್ಷರಗಳು. ಸಾಲ ಎಂಬರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲಿಲ್ಲ. ಲ್ಯಾಟಿನ್ನಿನ ಮೂಲರೂಪ ‘ಡೆಬಿಟುಮ್’ ಎಂದು ಅರಿತ ವಿದ್ವಾಂಸರು ಆ ಕುಲದ ಗುರುತಿಗಾಗಿ ಬಿ ಸೇರಿಸಿದರು. ‘ಡೌಟ್’ ಪದಕ್ಕೂ ಹೀಗೆಯೇ ಬಂತು. ‘ರಿಸೀಟ್’ ಪದಕ್ಕೆ ಪಿ ಕೊಟ್ಟವರು ಅದೇ ಬಗೆಯಲ್ಲಿ ಹುಟ್ಟಿದ ‘ಡಿಸೀಟ್’ ಪದಕ್ಕೆ ಕೊಡದೆ ಬಿಟ್ಟರು.

ಹೆಚ್ಚು ನೋವು ಕೊಡುವುದು ‘ಐಲೆಂಡ್’. ಅದು ಅಪ್ಪಟ ಹಳೆಯ ಇಂಗ್ಲಿಷ್ ಪದ, ಲ್ಯಾಟಿನ್ನಿಗೂ ಅದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಬಂದ ‘ಐಲ್’ ಎಂಬ ಇನ್ನೊಂದು ಪದವನ್ನು ನೋಡಿ, ಇದೂ ಅದರ ಮನೆಯದೇ ಎಂದು ತಪ್ಪು ತಿಳಿದು ಎಸ್ ತುರುಕಿದರು. ತಪ್ಪು ಊಹೆಯೊಂದು ನಾಲ್ಕು ನೂರಕ್ಕೂ ಹೆಚ್ಚು ವರ್ಷಗಳಿಂದ ಜಗತ್ತಿನ ಮಕ್ಕಳ ಅಂಕ ಕಳೆಯುತ್ತಿದೆ.

ನಮ್ಮಲ್ಲೂ ಈ ಚಾಳಿ ಇದೆ. ಊರಿನ ಸ್ವಾಗತ ಕಮಾನುಗಳಲ್ಲಿ ‘ಹಾರ್ದಿಕ’ ಎಂದಿರಬೇಕಾದಲ್ಲಿ ‘ಹಾರ್ಧಿಕ’ ಎಂದು ಕಾಣುವುದಿಲ್ಲವೇ? ಮಹಾಪ್ರಾಣ ಹಾಕಿದರೆ ಪದದ ತೂಕ ಹೆಚ್ಚುತ್ತದೆ ಎಂಬ ಭಾವನೆ ಅಲ್ಲಿಯೂ ಕೆಲಸ ಮಾಡಿದೆ.

‘ಕರ್ನಲ್’ ಪದದಲ್ಲಿ ಆರ್ ಇಲ್ಲವೇ ಇಲ್ಲ. ರಕಾರ ಎಲ್ಲಿಂದ ಬಂತು?

ಮೂಲ ಇಟಲಿಯ ‘ಕೊಲೊನೆಲ್ಲೊ’, ಸೈನಿಕರ ಸಾಲನ್ನು ಮುನ್ನಡೆಸುವವನು. ಎರಡು ಲಕಾರಗಳು ಹತ್ತಿರ ಬಂದಾಗ ನಾಲಿಗೆ ಒಂದನ್ನು ರಕಾರವಾಗಿಸುವುದು ಸಹಜ. ಫ್ರೆಂಚರು ‘ಕೊರೊನೆಲ್’ ಎಂದರು. ಇಂಗ್ಲಿಷಿಗೆ ಎರಡೂ ರೂಪಗಳು ಬಂದು, ಬರಹದಲ್ಲಿ ಲಕಾರ ಗೆದ್ದಿತು, ಮಾತಿನಲ್ಲಿ ರಕಾರ ಗೆದ್ದಿತು. ಕನ್ನಡದವರು ಕಿವಿಯನ್ನು ನಂಬಿ ‘ಕರ್ನಲ್’ ಎಂದೇ ಬರೆದದ್ದು ಒಳ್ಳೆಯದಾಯಿತು.

ಒ, ಯು, ಜಿ, ಎಚ್ ಸೇರಿದರೆ ಎಷ್ಟು ಉಚ್ಚಾರ?

‘ದೋ’, ‘ಥ್ರೂ’, ‘ಟಫ್’, ‘ಕಾಫ್’, ‘ಬೌ’, ‘ಥಾಟ್’: ಈ ಆರು ಪದಗಳಲ್ಲಿ ಅದೇ ನಾಲ್ಕು ಅಕ್ಷರಗಳಿಗೆ ಆರು ಉಚ್ಚಾರಗಳಿವೆ. ಮೇಲೆ ಹೇಳಿದ ಗಂಟಲ ದನಿ ಕೆಲವು ಪದಗಳಲ್ಲಿ ಪೂರ್ತಿ ಅಳಿದುಹೋಯಿತು, ಕೆಲವದರಲ್ಲಿ ತುಟಿಗೆ ಬಂದು ಫಕಾರವಾಯಿತು. ಸ್ವರಗಳೂ ಒಂದೊಂದು ಪದದಲ್ಲಿ ಒಂದೊಂದು ದಾರಿ ಹಿಡಿದವು.

ಇದರ ಜೊತೆಗೆ ಬರುವ ಇನ್ನೊಂದು ಪ್ರಶ್ನೆ: ಜಿ-ಎಚ್-ಒ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದಂತೆ, ಹೌದೇ? ‘ಇನಫ್’ ಪದದ ಜಿ-ಎಚ್, ‘ವಿಮೆನ್’ ಪದದ ಒ, ‘ನೇಷನ್’ ಪದದ ಟಿ-ಐ ಎಂಬುದು ವಾದ. ಬರ್ನಾರ್ಡ್ ಷಾ ಹೇಳಿದ್ದು ಎಂದು ಇದನ್ನು ಹಂಚುತ್ತಾರೆ. ಆದರೆ 1855ರ ಒಂದು ಪತ್ರದಲ್ಲೇ ಈ ಮಾತು ಇದೆ, ಷಾ ಹುಟ್ಟಿದ್ದು 1856ರಲ್ಲಿ. ಅದಿರಲಿ, ವಾದವೂ ನಿಲ್ಲುವುದಿಲ್ಲ. ಜಿ-ಎಚ್ ಪದದ ಆರಂಭದಲ್ಲಿ ಬಂದಾಗ ಎಂದಿಗೂ ಫಕಾರವಾಗುವುದಿಲ್ಲ. ಪದದ ಕೊನೆಯಲ್ಲಿ ಟಿ-ಐ ಎಂದಿಗೂ ಶಕಾರವಾಗುವುದಿಲ್ಲ. ಅಕ್ಷರ ಯಾವ ಜಾಗದಲ್ಲಿದೆ ಎಂಬುದು ಇಂಗ್ಲಿಷಿನಲ್ಲಿ ಬಹಳ ಮುಖ್ಯ. ಈ ನಿಯಮಗಳಿಗೆ ಬೆಲೆ ಕೊಟ್ಟು ಕಲಿಸಬೇಕೆಂದು ನನ್ನ ಕೋರಿಕೆ.

ಹೆಸರಿನ ಮುಂದೆ ‘ಎಚ್.’ ಎಂದು ಬರೆಯಬೇಕೇ, ‘ಹೆಚ್.’ ಎಂದೇ?

ನಿಘಂಟುಗಳು ಒಪ್ಪುವ ಉಚ್ಚಾರ ‘ಏಚ್’. ಹಳೆಯ ಫ್ರೆಂಚಿನ ‘ಆಚೆ’ ಎಂಬ ಹೆಸರಿನಿಂದ ಬಂದದ್ದು. ಅದರ ಆರಂಭದಲ್ಲಿ ಹಕಾರ ಇರಲಿಲ್ಲ. ಐರ್ಲೆಂಡಿನಲ್ಲಿ ‘ಹೇಚ್’ ಎನ್ನುವುದೇ ವಾಡಿಕೆ. ಹಕಾರವನ್ನು ಸೂಚಿಸುವ ಅಕ್ಷರದ ಹೆಸರಲ್ಲಿ ಹಕಾರ ಇರಲಿ ಎಂಬುದು ನಮ್ಮ ಕಿವಿಗೂ ಸಹಜವೆನಿಸುತ್ತದೆ. ನಾನು ‘ಎಚ್’ ಬರೆಯುತ್ತೇನೆ. ಆದರೆ ಒಬ್ಬರು ತಮ್ಮ ಹೆಸರನ್ನು ‘ಹೆಚ್’ ಎಂದು ಬರೆದುಕೊಂಡರೆ ತಿದ್ದಲು ಹೋಗುವುದಿಲ್ಲ. ಹೆಸರು ಅವರದು.

ನಾವು ‘ಥಾಮಸ್’, ‘ಥೇಮ್ಸ್’ ಎನ್ನುತ್ತೇವೆ. ಅವರು ‘ಟಾಮಸ್’, ‘ಟೆಮ್ಸ್’ ಎನ್ನುತ್ತಾರೆ. ಏಕೆ?

ಎಚ್ ಅಲ್ಲಿ ಬರಿಯ ಅಲಂಕಾರ. ‘ಥೇಮ್ಸ್’ ನದಿಯ ಹೆಸರಿಗೆ ಅದನ್ನು ಗ್ರೀಕ್ ಪದದಂತೆ ಕಾಣಿಸಲೆಂದು ನಂತರ ಸೇರಿಸಿದರು, ಮಾತು ಹಾಗೆಯೇ ಉಳಿಯಿತು. ಆದರೆ ‘ಆಥರ್’ ಪದಕ್ಕೆ ಹೀಗೆಯೇ ಸೇರಿಸಿದ ಎಚ್ ಉಚ್ಚಾರವನ್ನೇ ಬದಲಿಸಿತು. ಮೊದಲು ಅದು ‘ಆಟರ್’ ಎಂಬಂತಿತ್ತು. ಅಚ್ಚಿನ ಅಕ್ಷರ ನಾಲಿಗೆಯನ್ನು ತಿದ್ದಿದ ಉದಾಹರಣೆ ಇದು.

ಸೆಪ್ಟೆಂಬರ್ ಎಂದರೆ ಸಪ್ತ, ಡಿಸೆಂಬರ್ ಎಂದರೆ ದಶ. ಹಾಗಾದರೆ ಇಂಗ್ಲಿಷ್ ಹುಟ್ಟಿದ್ದು ಸಂಸ್ಕೃತದಿಂದಲೇ?

ಅಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ.

ಲ್ಯಾಟಿನ್ನಿನ ಸೆಪ್ಟೆಮ್, ಒಕ್ಟೊ, ನೊವೆಮ್, ಡೆಕೆಮ್ ಮತ್ತು ಸಂಸ್ಕೃತದ ಸಪ್ತ, ಅಷ್ಟ, ನವ, ದಶ ಒಡಹುಟ್ಟಿದ ಪದಗಳು. ತಾಯಿ ಮಗಳಲ್ಲ, ಅಕ್ಕ ತಂಗಿಯರು. ಇವೆಲ್ಲಕ್ಕೂ ಮೂಲವಾದ ಇನ್ನೂ ಹಳೆಯ ಭಾಷೆಯೊಂದು ಇತ್ತು, ಅದು ಬಹುಶಃ ಈಗ ಇಲ್ಲ ಎಂಬ ಮಾತನ್ನು ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಆಡಿದ. ‘ನೈಟ್’ ಮತ್ತು ನಕ್ತ, ‘ನೇಮ್’ ಮತ್ತು ನಾಮ ಇದೇ ಬಗೆಯ ನಂಟು. ನಮ್ಮ ಏಳು, ಎಂಟು, ಹತ್ತು ಮಾತ್ರ ಈ ಮನೆತನದವಲ್ಲ. ದಕ್ಷಿಣದ ಭಾಷೆಗಳು ಬೇರೆಯೇ ಕುಟುಂಬ ಎಂಬುದನ್ನು 1816ರಲ್ಲಿ ಮದರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ತೋರಿಸಿಕೊಟ್ಟ.

ಸೆಪ್ಟೆಂಬರ್ ಒಂಬತ್ತನೆಯ ತಿಂಗಳಾದದ್ದು ಹೇಗೆ? ರೋಮನ್ನರ ಹಳೆಯ ವರ್ಷ ಮಾರ್ಚಿನಲ್ಲಿ ಆರಂಭವಾಗುತ್ತಿತ್ತು, ಆಗ ಅದು ಏಳನೆಯದೇ. ವರ್ಷದ ಆರಂಭ ಜನವರಿಗೆ ಸರಿದಾಗ ಅದು ಒಂಬತ್ತನೆಯದಾಯಿತು. ಜೂಲಿಯಸ್ ಮತ್ತು ಅಗಸ್ಟಸ್ ತಮ್ಮ ಹೆಸರಿನ ಎರಡು ತಿಂಗಳನ್ನು ನಡುವೆ ತೂರಿಸಿದ್ದರಿಂದ ಲೆಕ್ಕ ತಪ್ಪಿತು ಎಂಬ ಕಥೆ ಸರಿಯಲ್ಲ. ಆ ತಿಂಗಳುಗಳು ಮೊದಲೇ ಇದ್ದವು. ಐದನೆಯದು, ಆರನೆಯದು ಎಂಬರ್ಥದ ಅವುಗಳ ಹೆಸರನ್ನು ಮಾತ್ರ ಬದಲಿಸಲಾಯಿತು.

ವಾರದ ಹೆಸರುಗಳ ಕಥೆ ಬೇರೆ. ಅಲ್ಲಿರುವುದು ಅನುವಾದ. ರೋಮನ್ನರು ಏಳು ಗ್ರಹಗಳ ಹೆಸರಿನಲ್ಲಿ ಏಳು ದಿನ ಎಣಿಸಿದರು. ಇಂಗ್ಲಿಷಿನ ಪೂರ್ವಜರು ಆ ದೇವತೆಗಳ ಜಾಗದಲ್ಲಿ ತಮ್ಮ ದೇವತೆಗಳನ್ನು ಕೂರಿಸಿದರು. ಮರ್ಕ್ಯುರಿಯ ದಿನ ವೋಡನ್‌ನ ದಿನವಾಯಿತು. ‘ವೆಡ್ನೆಸ್‌ಡೇ’ ಎಂದು ಮಕ್ಕಳು ಅಕ್ಷರ ಕೂಡಿಸಿ ಓದುವಾಗ ಕೇಳುವ ಆ ಡಕಾರ ವೋಡನ್‌ನದು. ಜೂಪಿಟರ್ ಬದಲು ಥೋರ್, ವೀನಸ್ ಬದಲು ಫ್ರಿಗ್. ಅದೇ ಗ್ರಹಗಳ ಕ್ರಮ ಪೂರ್ವಕ್ಕೂ ಬಂದು ಇಲ್ಲಿ ಬುಧವಾರ, ಗುರುವಾರ, ಶುಕ್ರವಾರಗಳಾದವು. ಮಧ್ಯಪ್ರದೇಶದ ಏರಣ್‌ನಲ್ಲಿ ಗುಪ್ತರ ದೊರೆ ಬುಧಗುಪ್ತನ ಕಾಲದ, ಕ್ರಿ.ಶ. 484ರ ಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ಶನಿವಾರ ಎರಡೂ ಕಡೆ ಶನಿಗ್ರಹದ್ದೇ.

ನಮ್ಮ ಭಾಷೆಗಳಿಂದ ಇಂಗ್ಲಿಷಿಗೆ ಹೋದ ಪದಗಳು ಯಾವುವು?

‘ಬಂಗಲೆ’, ‘ಲೂಟಿ’, ‘ಪಂಡಿತ’ ಎಲ್ಲರಿಗೂ ಗೊತ್ತಿರುವವು. ನನಗೆ ಪ್ರಿಯವಾದವು ದಕ್ಷಿಣದ ಕರಾವಳಿಯಿಂದ ಹಡಗು ಹತ್ತಿದ ಪದಗಳು. ‘ಕ್ಯಾಟಮರಾನ್’ ತಮಿಳಿನ ಕಟ್ಟುಮರಂ. ಕಟ್ಟು, ಮರ ಎಂಬ ಎರಡೂ ನಮ್ಮ ಮನೆಯ ಮಾತೇ ಆಗಿರುವುದರಿಂದ ಕನ್ನಡಿಗನಿಗೆ ನಿಘಂಟು ಬೇಕಾಗುವುದಿಲ್ಲ. ‘ಟೀಕ್’ ಮಲಯಾಳದ ತೇಕ್ಕ್, ನಮ್ಮ ತೇಗ. ‘ಕೊಪ್ರಾ’ ನಮ್ಮ ಕೊಬ್ಬರಿ. ‘ಅರೀಕಾ’ ಪೋರ್ಚುಗೀಸರ ಬಾಯಲ್ಲಿ ತಿರುಚಿದ ಅಡಿಕೆ. ಪಶ್ಚಿಮ ಕರಾವಳಿಯ ಅಡಕ್ಕ, ಅಡಿಕೆ ಎಂಬ ರೂಪಗಳಲ್ಲಿನ ಡಕಾರ ಅವರಿಗೆ ರಕಾರದಂತೆ ಕೇಳಿಸಿತು. ಶಿವಮೊಗ್ಗ, ಶಿರಸಿಯ ತೋಟದ ಬೆಳೆ ಸಸ್ಯಶಾಸ್ತ್ರದ ಹೆಸರಾಗಿ ಜಗತ್ತಿನ ಎಲ್ಲ ಪುಸ್ತಕಗಳಲ್ಲಿ ಅಚ್ಚಾಗುವುದು ಈ ರೂಪದಲ್ಲೇ. ‘ಮ್ಯಾಂಗೊ’ ಕೂಡ ಪೋರ್ಚುಗೀಸರ ಮೂಲಕ ಹೋದದ್ದು. ತಮಿಳಿನ ಮಾಂಗಾಯ್ ಎಂದರೆ ನಮ್ಮ ಮಾವಿನ ಕಾಯಿ.

ಉತ್ತರದಿಂದ ದೂರದ ದಾರಿ ಹಿಡಿದವೂ ಇವೆ. ಶರ್ಕರಾ ಪರ್ಷಿಯನ್, ಅರಬಿ, ಇಟಾಲಿಯನ್, ಫ್ರೆಂಚ್ ದಾಟಿ ‘ಶುಗರ್’ ಆಯಿತು. ಖಂಡ ‘ಕ್ಯಾಂಡಿ’ ಆಯಿತು. ಪಿಪ್ಪಲಿ ಗ್ರೀಕರ ಬಾಯಲ್ಲಿ ‘ಪೆಪೆರಿ’ಯಾಗಿ ಇಂಗ್ಲಿಷಿನಲ್ಲಿ ‘ಪೆಪ್ಪರ್’ ಆಯಿತು, ಕನ್ನಡದಲ್ಲಿ ಹಿಪ್ಪಲಿಯಾಗಿ ಉಳಿಯಿತು. ನಾರಂಗದ ಆರಂಭದ ನಕಾರವನ್ನು ಇಟಲಿ, ಫ್ರಾನ್ಸ್‌ಗಳಲ್ಲಿ ಅದರ ಹಿಂದಿನ ಪದಕ್ಕೆ ಅಂಟಿಸಿ ಕೇಳಿಸಿಕೊಂಡಿದ್ದರಿಂದ ಅದು ‘ಆರೆಂಜ್’ ಆಯಿತು. ಕೆಂಪು ಬಣ್ಣದ ‘ಕ್ರಿಮ್ಸನ್’ ಹಿಂದೆ ಇರುವುದು ಕೃಮಿ. ಆ ಬಣ್ಣವನ್ನು ಹುಳುಗಳಿಂದ ತೆಗೆಯುತ್ತಿದ್ದರು.

ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ಸೇರಿ ‘ನ್ಯೂಸ್’ ಆಯಿತು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ?

ಸುಳ್ಳು. ಹೊಸದು ಎಂಬ ಪದದ ಬಹುವಚನ ಅದು, ಫ್ರೆಂಚಿನ ‘ನೂವೆಲ್’ ಎಂಬುದರ ಮಾದರಿಯಲ್ಲಿ. ಒಂದು ಸೂತ್ರ ನೆನಪಿಡಿ: ಹಳೆಯ ಪದವೊಂದನ್ನು ಮೊದಲಕ್ಷರಗಳ ಜೋಡಣೆ ಎಂದು ಯಾರಾದರೂ ಬಿಡಿಸಿದರೆ ಹೆಚ್ಚಿನ ಸಲ ಅದು ಕಟ್ಟುಕಥೆ. ಅಪವಾದವೆಂದರೆ ‘ಓಕೆ’. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ಒ ಮತ್ತು ಕೆ ಅಕ್ಷರಗಳಿಂದ ತಪ್ಪಾಗಿ ಬರೆದು ಮಾಡಿದ ತಮಾಷೆ ಅದು. 1839ರ ಮಾರ್ಚ್ 23ರಂದು ಬಾಸ್ಟನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗಿದೆ.

‘ಪ್ರಿಪೋನ್’, ‘ಕೋ-ಬ್ರದರ್’ ತಪ್ಪು ಇಂಗ್ಲಿಷೇ?

ತಪ್ಪೆಂದು ನಾನು ಕೆಂಪು ಶಾಯಿಯಲ್ಲಿ ಗುರುತು ಮಾಡುವುದಿಲ್ಲ. ‘ಪೋಸ್ಟ್’ ಎಂದರೆ ಆಮೇಲೆ, ‘ಪ್ರಿ’ ಎಂದರೆ ಮುನ್ನ. ಮುಂದೂಡುವುದಕ್ಕೆ ಪದವಿದ್ದರೆ ಹಿಂದಕ್ಕೆ ತರುವುದಕ್ಕೂ ಒಂದು ಬೇಕು. ಆಕ್ಸ್‌ಫರ್ಡ್ ನಿಘಂಟು ಕೂಡ ಅದನ್ನು ಸೇರಿಸಿಕೊಂಡಿದೆ. ಷಡ್ಡಕ, ವಾರಗಿತ್ತಿ ಎಂಬ ನಂಟಿಗೆ ಇಂಗ್ಲೆಂಡಿನಲ್ಲಿ ಪದವಿಲ್ಲ, ನಮ್ಮವರು ‘ಕೋ-ಬ್ರದರ್’, ‘ಕೋ-ಸಿಸ್ಟರ್’ ಎಂದು ಕಟ್ಟಿಕೊಂಡರು. ಹೊರದೇಶದವರಿಗೆ ಬರೆಯುವಾಗ ಬಿಡಿಸಿ ಹೇಳಿದರೆ ಸಾಕು. ‘ಮಟನ್’ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಇಲ್ಲಿ ಅದು ಮೇಕೆಯ ಮಾಂಸವೂ ಹೌದು, ಬ್ರಿಟನ್ನಿನಲ್ಲಿ ಕುರಿಯದು ಮಾತ್ರ.

ಈ ಕಾಗುಣಿತವನ್ನು ಸರಿಪಡಿಸಲು ಯಾರೂ ಯತ್ನಿಸಲಿಲ್ಲವೇ?

ಹಲವರು ಯತ್ನಿಸಿದರು. ಗೆದ್ದವನು ಅಮೆರಿಕದ ನೋವಾ ವೆಬ್‌ಸ್ಟರ್, ಅದೂ ಅರ್ಧ ಮಾತ್ರ. ‘ಕಲರ್’ ಪದದಿಂದ ಯು ತೆಗೆದದ್ದು, ‘ಸೆಂಟರ್’ ಪದದ ಕೊನೆಯ ಎರಡಕ್ಷರ ತಿರುಗಿಸಿದ್ದು ಅವನ 1828ರ ನಿಘಂಟಿನಿಂದ ಅಲ್ಲಿ ನೆಲೆಯೂರಿದವು. ‘ಟಂಗ್’ ಪದವನ್ನು ಟಿ-ಯು-ಎನ್-ಜಿ ಎಂದು ಬರೆಯೋಣ ಎಂದದ್ದನ್ನು ಜನ ಒಪ್ಪಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಮುನ್ನೂರು ಪದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣಾಲಯ ಬಳಸಬೇಕೆಂದು ಆಜ್ಞೆ ಮಾಡಿದ. ಪತ್ರಿಕೆಗಳು ಮತ್ತು ಸಂಸತ್ತು ವಿರೋಧಿಸಿದ್ದರಿಂದ ಅದೇ ವರ್ಷ ಹಿಂದೆಗೆದುಕೊಳ್ಳಬೇಕಾಯಿತು. ಉಚ್ಚಾರದಂತೆ ಬರೆಯೋಣ ಎಂದರೆ ಯಾವ ಊರಿನ ಉಚ್ಚಾರ ಎಂಬ ಪ್ರಶ್ನೆ ಏಳುತ್ತದೆ. ಗ್ಲಾಸ್ಗೋ, ಟೆಕ್ಸಾಸ್, ಮೈಸೂರು ಒಂದೇ ಪುಟವನ್ನು ಓದಬಲ್ಲವಾಗಿರುವುದು ಕಾಗುಣಿತ ಯಾರ ಉಚ್ಚಾರವನ್ನೂ ಪೂರ್ತಿಯಾಗಿ ಅನುಸರಿಸದೆ ಇರುವುದರಿಂದಲೂ ಹೌದು.

ಮಗುವಿಗೆ ಇದನ್ನೆಲ್ಲ ಹೇಗೆ ಕಲಿಸಲಿ? ಬಾಯಿಪಾಠ ಬಿಟ್ಟು ದಾರಿಯಿಲ್ಲವೇ?

ಇದೆ. ಮೌನವಾದ ಅಕ್ಷರ ಸಿಕ್ಕಾಗ ಆ ಪದದ ಬಳಗವನ್ನು ಹುಡುಕಿಸಿ. ‘ಸೈನ್’ ಪದದಲ್ಲಿ ಕೇಳಿಸದ ಜಿ ‘ಸಿಗ್ನೇಚರ್’ ಎಂದಾಗ ಕೇಳಿಸುತ್ತದೆ. ‘ಬಾಂಬ್’ ಕೊನೆಯ ಬಿ ‘ಬಂಬಾರ್ಡ್’ ಎಂಬಲ್ಲಿ ಎದ್ದು ನಿಲ್ಲುತ್ತದೆ. ‘ಮಸಲ್’ ಪದದ ಸಿ ಎಲ್ಲಿದೆ ಎಂದರೆ ‘ಮಸ್ಕ್ಯುಲರ್’ ಪದದಲ್ಲಿದೆ. ಎರಡು ಎಂಬರ್ಥದ ‘ಟೂ’ ಪದಕ್ಕೆ ಡಬ್ಲ್ಯು ಏಕೆ ಎಂದು ಕೇಳಿದ ಐದನೆಯ ತರಗತಿಯ ಹುಡುಗನಿಗೆ ನಾನು ಉತ್ತರ ಹೇಳಲಿಲ್ಲ. ಅವಳಿ ಮಕ್ಕಳಿಗೆ ಏನನ್ನುತ್ತಾರೆ, ಹನ್ನೆರಡಕ್ಕೆ, ಇಪ್ಪತ್ತಕ್ಕೆ ಏನನ್ನುತ್ತಾರೆ ಎಂದು ಮರಳಿ ಕೇಳಿದೆ. ‘ಟ್ವಿನ್, ಟ್ವೆಲ್ವ್, ಟ್ವೆಂಟಿ’ ಎಂದು ಬೆರಳು ಮಡಿಸುತ್ತಾ ಹೋದವನು ಮೂರನೆಯದಕ್ಕೆ ನಿಲ್ಲಿಸಿ, ತಾನೇ ಹಲಗೆಯ ಬಳಿ ಬಂದು ಡಬ್ಲ್ಯು ಕೆಳಗೆ ಗೆರೆ ಎಳೆದ.